ಎರಡು ಯಂತ್ರ ಒಂದಕ್ಕೊಂದು ಕೂಡದಿದ್ದರೆ

ಅರ್ಜಿ ಸಲ್ಲಿಸಲು ಕಡೆಯ ದಿನ. ಮಗನ ಮಾರ್ಕ್‌ಶೀಟಿನ ಚಿತ್ರ ತಂದೆಯ ಫೋನಿನಲ್ಲಿದೆ; ಅರ್ಜಿ ತುಂಬುತ್ತಿರುವ ಲ್ಯಾಪ್‌ಟಾಪು ಗೆಳೆಯನದು. ಎರಡೂ ಒಂದೇ ಮೇಜಿನ ಮೇಲಿದ್ದರೂ ಮುಖಪರಿಚಯವೇ ಇಲ್ಲದವರಂತೆ ಕುಳಿತಿವೆ. ಇಂಥ ಹೊತ್ತಿನಲ್ಲಿ ಕಂಡ ಗುಂಡಿಯನ್ನೆಲ್ಲ ಒತ್ತುವವರೇ ಬಹಳ. ತೊಡಕು ಯಾವ ಹಂತದಲ್ಲಿದೆಯೆಂದು ಕ್ರಮವಾಗಿ ನೋಡಿದರೆ ಅಷ್ಟು ಕಷ್ಟವಿಲ್ಲ.

ಹಿಂದೆ ಎರಡು ಲ್ಯಾಪ್‌ಟಾಪುಗಳು ಯಜಮಾನನಿಲ್ಲದೆ ಸರಿಸಮವಾಗಿ ಮಾತಾಡಿಕೊಳ್ಳುವ 'ಅಡ್‌ಹಾಕ್' ಪದ್ಧತಿ ಬಳಕೆಯಲ್ಲಿತ್ತು. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಅದಕ್ಕೆ ಒಗ್ಗಲಿಲ್ಲ. ಈಗ ಒಂದು ಯಂತ್ರ ಹಾಟ್‌ಸ್ಪಾಟ್ ಆಗಿ ಯಜಮಾನಿಕೆ ವಹಿಸುತ್ತದೆ. ಉಳಿದವು ಅದರ ಮನೆಗೆ ಬಂದ ನೆಂಟರು. ನೆಂಟನಿಗೆ ಮನೆ ಕಾಣಬೇಕು, ಬಾಗಿಲು ತೆರೆಯಬೇಕು, ಕೂರಲು ಜಾಗ ಸಿಗಬೇಕು, ಮಾತುಕತೆ ಅನಂತರ.

ಹಾಟ್‌ಸ್ಪಾಟಿನ ಹೆಸರೇ ಕಾಣದೆ? ವೈಫೈ ಅಲೆಗಳಿಗೆ ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಹಾದಿ ಬಳಕೆಯಲ್ಲಿವೆ. ಹಳೆಯ, ಅಗ್ಗದ ಯಂತ್ರಗಳಲ್ಲಿ ಅನೇಕಕ್ಕೆ ೨.೪ ಮಾತ್ರ ಗೊತ್ತು. ಹಾಟ್‌ಸ್ಪಾಟಿನ ಸೆಟಿಂಗ್ಸಿನಲ್ಲಿ 'ಬ್ಯಾಂಡ್' ಎಂಬುದನ್ನು ೨.೪ಕ್ಕೆ ತಿರುಗಿಸಿರಿ. ಐಫೋನ್ ೧೨ ಮತ್ತು ಅನಂತರದವುಗಳಲ್ಲಿ ಇದಕ್ಕೇ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂದು ಹೆಸರಿಟ್ಟಿದ್ದಾರೆ. ಯಾರೂ ಸೇರದೆ ಕೆಲವು ನಿಮಿಷ ಕಳೆದರೆ ಹಾಟ್‌ಸ್ಪಾಟು ತಾನೇ ಆರಿಹೋಗುವುದೂ ಉಂಟು.

ಪಾಸ್‌ವರ್ಡಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಅದು ಸರಿಯಿದ್ದೂ ಹಳೆಯ ಯಂತ್ರ ಸೇರದಿದ್ದರೆ ಭದ್ರತೆಯನ್ನು 'ಡಬ್ಲ್ಯುಪಿಎ೩'ರಿಂದ 'ಡಬ್ಲ್ಯುಪಿಎ೨'ಕ್ಕೆ ಇಳಿಸಿ ನೋಡತಕ್ಕದ್ದು.

ಸೇರಿತು, ಆದರೂ ಏನೂ ನಡೆಯದು. ಹೆಚ್ಚಿನವರು ಕೈಚೆಲ್ಲುವುದು ಇಲ್ಲಿಯೇ. ಯಜಮಾನ ಯಂತ್ರ ಪ್ರತಿ ನೆಂಟನಿಗೂ ಅಂಕಿಗಳ ಒಂದು ವಿಳಾಸ ಕೊಡುತ್ತದೆ, ಇದು ಐ.ಪಿ. ವಿಳಾಸ, ಚಾಳಿನಲ್ಲಿ ಖೋಲಿ ನಂಬರಿದ್ದ ಹಾಗೆ. ಲ್ಯಾಪ್‌ಟಾಪಿನ ವೈಫೈ ವಿವರದಲ್ಲಿ ಇದು ೧೬೯.೨೫೪ರಿಂದ ಆರಂಭವಾಗಿದ್ದರೆ ಖೋಲಿ ಸಿಕ್ಕಿಲ್ಲವೆಂದು ತಿಳಿಯಿರಿ. ನಂಬರು ಕೊಡುವವರಿಲ್ಲದೆ ಲ್ಯಾಪ್‌ಟಾಪು ತಾನೇ ಒಂದನ್ನು ಬರೆದುಕೊಂಡಿದೆ. ಆ ಹೆಸರನ್ನು 'ಫರ್ಗೆಟ್' ಮಾಡಿ, ಹಾಟ್‌ಸ್ಪಾಟನ್ನು ಆರಿಸಿ ಮತ್ತೆ ಹಚ್ಚಿ, ಹೊಸದಾಗಿ ಸೇರಬೇಕು. ಹಿಂದೆ ಯಾರೋ ಕೈಯಾರೆ ಬರೆದಿಟ್ಟ ವಿಳಾಸ ಉಳಿದಿದ್ದರೂ ಕೆಲಸ ಕೆಡುತ್ತದೆ. ಅದನ್ನು 'ಆಟೊಮ್ಯಾಟಿಕ್' ಮಾಡಿರಿ.

'ಇಂಟರ್ನೆಟ್ ಇಲ್ಲ' ಎಂಬ ಸೂಚನೆ ಕಂಡು ಗಾಬರಿಯಾಗಬೇಡಿ. ಪಕ್ಕದ ಯಂತ್ರಕ್ಕೆ ಫೈಲು ದಾಟಿಸಲು ಇಂಟರ್ನೆಟ್ಟೇ ಬೇಡ, ಡೇಟಾ ಪ್ಯಾಕು ಮುಗಿದಿದ್ದರೂ ಆದೀತು. ಆದರೆ ನೆಂಟ ಫೋನು ಇಂಟರ್ನೆಟ್ ಕಾಣದೆ ಬೇಸತ್ತು, ಸೇರಿದ ಜಾಲವನ್ನು ಬಿಟ್ಟು ಮೊಬೈಲ್ ಡೇಟಾದ ಕಡೆಗೆ ಹೊರಳುವುದುಂಟು. ಅದರಲ್ಲಿ ಸ್ವಲ್ಪ ಹೊತ್ತು ಡೇಟಾ ಆರಿಸಿಡಿ. ಸಂಪರ್ಕ ಉಳಿಸಲೇ ಎಂದು ಕೇಳಿದರೆ ಹೌದೆನ್ನಿರಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಜಾಲವನ್ನು 'ಪಬ್ಲಿಕ್' ಎಂದು ಗುರುತಿಸಿದ್ದರೆ ಅದರ ಕಾವಲು, ಅಂದರೆ ಫೈರ್‌ವಾಲ್, ಹೊರಗಿನಿಂದ ಬಂದವರನ್ನು ತಡೆಯುತ್ತದೆ. ಹಾಟ್‌ಸ್ಪಾಟು ನಿಮ್ಮದೇ ಆಗಿದ್ದರೆ 'ಪ್ರೈವೇಟ್' ಮಾಡಬಹುದು. ಸ್ಟೇಷನ್ನಿನ ವೈಫೈಗೆ ಸರ್ವಥಾ ಕೂಡದು.

ಶೇರ್‌ಇಟ್, ಝೆಂಡರ್‌ಗಳನ್ನು ಹುಡುಕಿ ಹೊತ್ತು ಕಳೆಯಬೇಡಿ. ಸರ್ಕಾರ ೨೦೨೦ರ ಜೂನ್ ೨೯ರಂದು ನಿಷೇಧಿಸಿದ ೫೯ ಆ್ಯಪುಗಳಲ್ಲಿ ಅವೆರಡೂ ಇದ್ದವು. ಆಂಡ್ರಾಯ್ಡಿನಲ್ಲಿ 'ಕ್ವಿಕ್ ಶೇರ್' ಇದೆ, ವಿಂಡೋಸಿಗೂ ಸಿಗುತ್ತದೆ. ಅದಕ್ಕೆ ವೈಫೈ, ಬ್ಲೂಟೂತ್ ಎರಡನ್ನೂ ಹಚ್ಚಿರಬೇಕು. ಹಳೆಯ ಫೋನುಗಳಲ್ಲಿ ಲೊಕೇಶನ್ ಸಹ. ಏನೂ ಕೂಡದಿದ್ದಲ್ಲಿ ಬರಿಯ ಬ್ಲೂಟೂತಿನಿಂದ ಕಳಿಸಿರಿ. ಅದು ಬಲು ನಿಧಾನ, ಆದರೆ ಮಾರ್ಕ್‌ಶೀಟಿನ ಒಂದೆರಡು ಪುಟಕ್ಕೆ ಸಾಕು. ಐಫೋನಿಗೆ ಮಾತ್ರ ಈ ದಾರಿಯಿಲ್ಲ.