ಬಿಎಂಸಿಯ ಡಿಜಿಟಲ್ ಕಂಟ್ರೋಲರ್: ಸೆಟ್ಟಿಂಗ್ ಸರಿ ಇದ್ದರೆ ಹಾಲು ಸುರಕ್ಷಿತ



ಈ ಅಂಕಣದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಕರುಗಳ ಜಂತುಹುಳು ಮುಂತಾದ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಯಂತ್ರದ ವಿಷಯ. ಪಶುವೈದ್ಯರಿಗೂ ಕರೆಂಟಿನ ಪೆಟ್ಟಿಗೆಗೂ ಏನು ಸಂಬಂಧ ಎಂದು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಘಟನೆಯಿಂದಲೇ ಶುರು ಮಾಡುತ್ತೇನೆ.

ಒಂದು ಸಂಘದ ಬಿಎಂಸಿ ಹಾಲಿನ ಎಂಬಿಆರ್‌ಟಿ ಸಮಯ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಕಾಯಿಸಿ ನೋಡಿದರೆ ಹಾಲು ಒಡೆಯಿತು, ಟ್ಯಾಂಕರ್ ಖಾಲಿ ಹೋಯಿತು. ಊರಿನಲ್ಲಿ ಮಾತು ಶುರುವಾಯಿತು. ಹಿಂದಿನ ತಿಂಗಳು ಒಬ್ಬ ಹೆಣ್ಣುಮಗಳ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಎಲ್ಲರ ಬೆರಳೂ ಆ ಮನೆಯ ಕಡೆಗೇ ತಿರುಗಿತು. ಅವರ ಹಾಲನ್ನು ಡೇರಿಯಲ್ಲಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಹಸು ಪರೀಕ್ಷೆಗೆಂದು ನನ್ನನ್ನು ಕರೆಸಿದಾಗ ನಾಲ್ಕು ದಿನ ಕಳೆದಿತ್ತು.

"ಡಾಕ್ಟ್ರೇ, ಔಷಧ ಕೊಟ್ಟಷ್ಟು ದಿನ, ಅದರ ಮೇಲೆ ನೀವು ಹೇಳಿದಷ್ಟು ದಿನ, ಒಂದು ತೊಟ್ಟು ಹಾಲೂ ಡೇರಿಗೆ ಹಾಕಿಲ್ಲ. ನನ್ನ ಮಾತು ಯಾರೂ ಕೇಳ್ತಿಲ್ಲ" ಎಂದರು.

ಎರಡೂ ಹಸುಗಳ ನಾಲ್ಕೂ ಮೊಲೆಗಳ ಹಾಲನ್ನು ಸಿಎಂಟಿ ದ್ರಾವಣ ಹಾಕಿ ನೋಡಿದೆ. ಎಲ್ಲಿಯೂ ಲೋಳೆ ಕಟ್ಟಲಿಲ್ಲ. ಹಸುಗಳು ಚೆನ್ನಾಗಿದ್ದವು. ಅಲ್ಲಿಂದ ಡೇರಿಗೆ ಹೋಗಿ ಬಿಎಂಸಿಯ ಹಾಲನ್ನು ಐದು ನಿಮಿಷ ಕಲಕಿಸಿ, ಒಂದು ಲೋಟದಷ್ಟು ತೆಗೆದು, ಚೀಲದಲ್ಲಿದ್ದ ಥರ್ಮಾಮೀಟರ್ ಇಟ್ಟೆ. ಅದು 8 ಡಿಗ್ರಿ ತೋರಿಸಿತು. ಪೆಟ್ಟಿಗೆಯ ಪರದೆಯಲ್ಲಿ 6 ಇತ್ತು.

ಆಪರೇಟರ್ ಜೊತೆ ಕುಳಿತು ಸೆಟ್ಟಿಂಗ್ ತೆರೆದು ನೋಡಿದಾಗ ಎರಡು ತಪ್ಪು ಸಿಕ್ಕವು. ಹಳೆಯ ಕಂಟ್ರೋಲರ್ ಕೆಟ್ಟಿದ್ದರಿಂದ ಹೊಸದನ್ನು ಹಾಕಿದ್ದರು. ಅದರಲ್ಲಿ ಸೆಟ್ ಪಾಯಿಂಟ್ 4, ಡಿಫರೆನ್ಷಿಯಲ್ 2 ಇತ್ತು. ಅಂದರೆ 6 ಡಿಗ್ರಿ ಆಗುವವರೆಗೆ ಕಂಪ್ರೆಸರ್ ಶುರುವಾಗುವುದೇ ಇಲ್ಲ. ಅದರ ಮೇಲೆ, ಪರದೆಯ ಅಂಕಿ ಜಾಸ್ತಿ ಬರುತ್ತದೆ ಎಂದು ಯಾರೋ ದೂರಿದ್ದಕ್ಕೆ, ಇನ್ಯಾರೋ ತಿದ್ದುಪಡಿಯ ಜಾಗದಲ್ಲಿ ಮೈನಸ್ 2 ಹಾಕಿ ಹೋಗಿದ್ದರು. ಅಂಕಿ ಕಡಿಮೆಯಾಯಿತು, ಹಾಲು ತಣ್ಣಗಾಗಲಿಲ್ಲ. ಪರದೆಯಲ್ಲಿ 4ರಿಂದ 6 ಕಾಣುವಾಗ ಹಾಲು ನಿಜಕ್ಕೂ 6ರಿಂದ 8 ಡಿಗ್ರಿಯಲ್ಲಿ ರಾತ್ರಿಯಿಡೀ ಇರುತ್ತಿತ್ತು.

ಇಂಥದ್ದು ನಿಮ್ಮ ಸಂಘದಲ್ಲಿ ಆಗದಿರಲಿ ಎಂದೇ ಈ ಪಾಠ.

ನಾಲ್ಕು ಡಿಗ್ರಿ ಏಕೆ?

ಕೆಚ್ಚಲಿನಿಂದ ಬರುವ ಹಾಲು ಹಸುವಿನ ಮೈ ಬಿಸಿಯಷ್ಟೇ, ಸುಮಾರು 38 ಡಿಗ್ರಿ ಇರುತ್ತದೆ. ಹೊಸ ಹಾಲಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿ ಸ್ವಲ್ಪ ಇದೆ, ಆದರೆ ಅದು ಕೆಲವೇ ತಾಸು. ಆಮೇಲೆ ಆ ಬಿಸಿಯಲ್ಲಿ ಸೂಕ್ಷ್ಮಾಣು ಅರ್ಧ ತಾಸಿಗೊಮ್ಮೆ ಎರಡರಷ್ಟಾಗಬಲ್ಲದು. ಲೆಕ್ಕ ಹಾಕಿ ನೋಡಿ: ಒಂದು ಇದ್ದದ್ದು ಐದು ತಾಸಿನಲ್ಲಿ ಸಾವಿರ ದಾಟುತ್ತದೆ. 4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಸೂಕ್ಷ್ಮಾಣು ಸಾಯುವುದಿಲ್ಲ. ಚಳಿಯಲ್ಲೂ ನಿಧಾನವಾಗಿ ಬೆಳೆಯುವ ಜಾತಿಗಳಿವೆ, 7-8 ಡಿಗ್ರಿ ಅವುಗಳಿಗೆ ಅನುಕೂಲ. ಅವು ಬಿಡುವ ಕೆಲವು ಕಿಣ್ವಗಳು ಪಾಶ್ಚರೀಕರಣದ ಬಿಸಿಗೂ ನಾಶವಾಗುವುದಿಲ್ಲ, ಹಾಲಿಗೆ ಕಹಿ, ಕಮಟು ತರುತ್ತವೆ. ಆದ್ದರಿಂದ ಎರಡು ಮೂರು ಡಿಗ್ರಿಯ ವ್ಯತ್ಯಾಸ ಸಣ್ಣದಲ್ಲ.

ಈ ಪೆಟ್ಟಿಗೆ ಮಾಡುವ ಕೆಲಸ

ಹಾಲಿನ ಟ್ಯಾಂಕಿಗೆ ತಾಗಿದಂತೆ ಒಂದು ಸೆನ್ಸರ್ ಇರುತ್ತದೆ. ಅದು ಕೊಡುವ ತಾಪಮಾನವನ್ನು ಕಂಟ್ರೋಲರ್ ನಾವು ಹಾಕಿಟ್ಟ ಅಂಕಿಯೊಂದಿಗೆ ಹೋಲಿಸಿ ಕಂಪ್ರೆಸರನ್ನು ಆನ್ ಅಥವಾ ಆಫ್ ಮಾಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಯೂನಿವರ್ಸಲ್ ಕಂಟ್ರೋಲರ್ ಯಾವ ಕೆಲಸಕ್ಕೂ ಹೊಂದಿಕೊಳ್ಳುವಂಥದ್ದು. ಬಿಎಂಸಿ, ನೀರು ಕಾಯಿಸುವ ಟ್ಯಾಂಕ್, ಕೊಟ್ಟಿಗೆಯ ಫ್ಯಾನ್ ಮೂರಕ್ಕೂ ಅದನ್ನೇ ಹಾಕಬಹುದು. ಅದಕ್ಕೇ ಅಂಗಡಿಯಿಂದ ತಂದ ಹಾಗೆಯೇ ಜೋಡಿಸಿದರೆ ಸಾಲದು, ಕೆಲಸಕ್ಕೆ ತಕ್ಕಂತೆ ಹೇಳಿಕೊಡಬೇಕು.

ಪ್ರತಿ ಕಂಪನಿಯೂ ಸೆಟ್ಟಿಂಗ್‌ಗಳಿಗೆ ಬೇರೆ ಬೇರೆ ಅಕ್ಷರ ಬಳಸುತ್ತದೆ. ಕೈಪಿಡಿಯನ್ನು ಎಸೆಯಬೇಡಿ, ಪೆಟ್ಟಿಗೆಯ ಬಾಗಿಲಿನ ಒಳಗೇ ಅಂಟಿಸಿಡಿ. ವೈರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆಯಿರಿ. ವೈರಿಂಗ್ ಕೆಲಸ ತಿಳಿದವರೇ ಮಾಡಲಿ.

ಬಿಎಂಸಿಗೆ ಏಳು ಸೆಟ್ಟಿಂಗ್

1. ಸೆನ್ಸರ್ ಜಾತಿ. ಎನ್‌ಟಿಸಿ, ಪಿಟಿಸಿ, ಪಿಟಿ-100 ಎಂದು ಬಗೆಗಳಿವೆ. ಎನ್‌ಟಿಸಿಯಲ್ಲಿ ಬಿಸಿ ಏರಿದರೆ ವಿದ್ಯುತ್ ಪ್ರತಿರೋಧ ಇಳಿಯುತ್ತದೆ, ಉಳಿದ ಎರಡರಲ್ಲಿ ಏರುತ್ತದೆ. ಟ್ಯಾಂಕಿನಲ್ಲಿರುವುದು ಒಂದು, ಪೆಟ್ಟಿಗೆಗೆ ಹೇಳಿದ್ದು ಇನ್ನೊಂದು ಆದರೆ ಅಂಕಿ ತಾಳ ತಪ್ಪುತ್ತದೆ, ಇಲ್ಲವೇ ದೋಷದ ಸಂಕೇತ ಬರುತ್ತದೆ.

2. ಕೂಲಿಂಗ್ ಅಥವಾ ಹೀಟಿಂಗ್. ಬಿಎಂಸಿಗೆ ಕೂಲಿಂಗ್ ಇರಬೇಕು. ತಪ್ಪಿ ಹೀಟಿಂಗ್ ಆಗಿದ್ದರೆ ಹಾಲು ಬಿಸಿ ಇದ್ದಾಗ ಕಂಪ್ರೆಸರ್ ಸುಮ್ಮನಿರುತ್ತದೆ.

3. ಸೆಟ್ ಪಾಯಿಂಟ್ ಮತ್ತು ಡಿಫರೆನ್ಷಿಯಲ್. ಇವೆರಡನ್ನೂ ಕೂಡಿಯೇ ಯೋಚಿಸಬೇಕು. ಸೆಟ್ ಪಾಯಿಂಟ್ ಎಂದರೆ ಕಂಪ್ರೆಸರ್ ನಿಲ್ಲುವ ಅಂಕಿ. ಅದಕ್ಕೆ ಡಿಫರೆನ್ಷಿಯಲ್ ಕೂಡಿಸಿದರೆ ಮತ್ತೆ ಶುರುವಾಗುವ ಅಂಕಿ. ಸೆಟ್ 3, ಡಿಫರೆನ್ಷಿಯಲ್ 1 ಇಟ್ಟರೆ 3ಕ್ಕೆ ನಿಲ್ಲುತ್ತದೆ, 4ಕ್ಕೆ ಶುರುವಾಗುತ್ತದೆ. ಹಾಲು 4 ದಾಟುವುದಿಲ್ಲ. ಕೆಲವು ಮಾದರಿಗಳಲ್ಲಿ ಡಿಫರೆನ್ಷಿಯಲನ್ನು ಸೆಟ್ ಪಾಯಿಂಟಿನ ಎರಡೂ ಕಡೆ ಹಂಚುತ್ತಾರೆ. ಹಾಗಿದ್ದರೆ ಲೆಕ್ಕ ಬದಲಾಗುತ್ತದೆ, ಕೈಪಿಡಿ ನೋಡಿ. "ಇನ್ನೂ ತಣ್ಣಗಿರಲಿ" ಎಂದು 1ಕ್ಕೋ ಸೊನ್ನೆಗೋ ಇಳಿಸಬೇಡಿ. ಹಾಲು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ತಳದ ತಟ್ಟೆಗೆ ಮಂಜುಗಡ್ಡೆ ಹಿಡಿದರೆ ಕೊಬ್ಬಿನ ಕಣಗಳು ಒಡೆದು ಕಮಟು ಬರುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಸ್ಯಾಂಪಲ್ಲೂ ತಪ್ಪುತ್ತದೆ.

4. ಕಂಪ್ರೆಸರ್ ತಡೆ ಸಮಯ. ನಿಂತ ಕಂಪ್ರೆಸರ್ ತಕ್ಷಣ ಮತ್ತೆ ಶುರುವಾಗಬಾರದು. ಒಳಗಿನ ಗ್ಯಾಸಿನ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಇಲ್ಲದಿದ್ದರೆ ಮೋಟಾರು ಎಳೆಯಲಾರದೆ ವಿಪರೀತ ಕರೆಂಟ್ ಹೀರಿ, ವೈಂಡಿಂಗ್ ಸುಡುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಹಳ್ಳಿಗಳಲ್ಲಿ ಇದು ಬಹಳ ಮುಖ್ಯ. ಸಾಮಾನ್ಯವಾಗಿ 3 ನಿಮಿಷ ಇಡುತ್ತಾರೆ. ಕಂಪ್ರೆಸರ್ ತಯಾರಕರು ಹೆಚ್ಚು ಹೇಳಿದ್ದರೆ ಅಷ್ಟೇ ಇಡಿ.

5. ಅಂಕಿಯ ತಿದ್ದುಪಡಿ. ಸೆನ್ಸರಿನ ಸಣ್ಣ ವ್ಯತ್ಯಾಸ ಸರಿಪಡಿಸಲು ಇರುವ ಜಾಗ ಇದು. ಪರೀಕ್ಷೆ ಮಾಡದೆ ಇಲ್ಲಿ ಸೊನ್ನೆ ಬಿಟ್ಟು ಬೇರೇನೂ ಹಾಕಬೇಡಿ.

6. ಎಚ್ಚರಿಕೆ ಗಂಟೆ. ಮೇಲಿನ ಮಿತಿ 6, ಕೆಳಗಿನ ಮಿತಿ 1 ಇಡಬಹುದು. ಬೆಳಿಗ್ಗೆ ಬಿಸಿ ಹಾಲು ಸುರಿಯುವಾಗ ಗಂಟೆ ಹೊಡೆಯುವುದು ಸಹಜ. 4 ಡಿಗ್ರಿಯ 800 ಲೀಟರಿಗೆ 34 ಡಿಗ್ರಿಯ 200 ಲೀಟರ್ ಒಮ್ಮೆಲೇ ಬೆರೆತರೆ ಒಟ್ಟು ಹಾಲು 10 ಡಿಗ್ರಿ ಆಗುತ್ತದೆ. ಆ ಹೊತ್ತಿಗೆ ಮಾತ್ರ ಸದ್ದು ಅಡಗಿಸಿ. ಕಿರಿಕಿರಿ ಎಂದು ಮಿತಿಯನ್ನೇ 20ಕ್ಕೆ ಏರಿಸಿದರೆ ನಡುರಾತ್ರಿ ಕಂಪ್ರೆಸರ್ ಕೈಕೊಟ್ಟಾಗ ಎಬ್ಬಿಸುವವರು ಯಾರೂ ಇರುವುದಿಲ್ಲ. ಸುರಿದು ಮುಗಿದ ಮೂರು ತಾಸಿನೊಳಗೆ ಹಾಲು 4ಕ್ಕೆ ಇಳಿಯದಿದ್ದರೆ ಮೆಕ್ಯಾನಿಕ್‌ಗೆ ಹೇಳಿ.

7. ಕೀಲಿ. ಕಂಟ್ರೋಲರಿನಲ್ಲಿ ಗುಂಡಿಗಳಿಗೆ ಬೀಗ ಹಾಕುವ ಸೌಲಭ್ಯ ಇದ್ದರೆ ಬಳಸಿ. ಯಾರು, ಯಾವ ದಿನ, ಯಾವ ಅಂಕಿಯನ್ನು ಎಷ್ಟರಿಂದ ಎಷ್ಟಕ್ಕೆ ಬದಲಿಸಿದರು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ.

ಅಂಕಿ ನಿಜವೇ? ಮಂಜುಗಡ್ಡೆಯ ಪರೀಕ್ಷೆ

ಇದಕ್ಕೆ ದುಡ್ಡು ಬೇಕಿಲ್ಲ. ಶುದ್ಧ ನೀರಿನ ಮಂಜುಗಡ್ಡೆಯನ್ನು ಸಣ್ಣಗೆ ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ. ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ ಕಲಕಿ. ಉಪ್ಪು ಬೆರೆಯಬಾರದು. ಸೆನ್ಸರಿನ ತುದಿ ಪಾತ್ರೆಯ ಗೋಡೆಗೆ, ತಳಕ್ಕೆ ತಾಗದಂತೆ ನಡುವೆ ಹಿಡಿದು, ಕಲಕುತ್ತಾ ಐದು ನಿಮಿಷ ಕಾಯಿರಿ. ಪರದೆಯಲ್ಲಿ ಸೊನ್ನೆ ಬರಬೇಕು. 1 ಬಂದರೆ ತಿದ್ದುಪಡಿ ಮೈನಸ್ 1, ಮೈನಸ್ 1 ಬಂದರೆ ತಿದ್ದುಪಡಿ ಪ್ಲಸ್ 1. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ತಿದ್ದಿ ಮುಚ್ಚಿಡಬೇಡಿ, ಸೆನ್ಸರನ್ನೇ ಬದಲಿಸಿ.

ಕುದಿಯುವ ನೀರಿನಲ್ಲಿ ಪರೀಕ್ಷಿಸಿ 100 ಬರಬೇಕು ಎನ್ನುವವರಿದ್ದಾರೆ. ಕರಾವಳಿಯಲ್ಲಿ ಅದು ಸರಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಂಥ ಕಡೆ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ನಮಗೆ ಬೇಕಿರುವುದು 4 ಡಿಗ್ರಿಯ ಹತ್ತಿರದ ಸತ್ಯ, ಅದಕ್ಕೆ ಮಂಜುಗಡ್ಡೆಯೇ ಸರಿ.

ಸೆನ್ಸರ್ ಹೊರಗೆ ತೆಗೆಯಲು ಆಗದಿದ್ದರೆ ನಾನು ಮಾಡಿದಂತೆ ಮಾಡಿ: ಹಾಲನ್ನು ಐದು ನಿಮಿಷ ಕಲಕಿಸಿ, ಸ್ಯಾಂಪಲ್ ತೆಗೆದು, ಮಂಜುಗಡ್ಡೆಯಲ್ಲಿ ಪರೀಕ್ಷಿಸಿದ ಥರ್ಮಾಮೀಟರಿನಿಂದ ಕೂಡಲೇ ನೋಡಿ. ವಾರಕ್ಕೊಮ್ಮೆ ಸಾಕು.

ಬಿಸಿ ನೀರಿನ ಟ್ಯಾಂಕಿಗೆ

ಇಲ್ಲಿ ಹೀಟಿಂಗ್ ಇರಬೇಕು, ಲೆಕ್ಕ ತಿರುಗುಮುರುಗು. ಸೆಟ್ 65, ಡಿಫರೆನ್ಷಿಯಲ್ 5 ಎಂದರೆ 65ಕ್ಕೆ ಕಾಯಿಲ್ ನಿಲ್ಲುತ್ತದೆ, 60ಕ್ಕೆ ಇಳಿದಾಗ ಶುರುವಾಗುತ್ತದೆ. ತೊಳೆಯುವ ದ್ರಾವಣದ ಡಬ್ಬಿಯ ಮೇಲೆ ಎಷ್ಟು ಬಿಸಿ ಹೇಳಿದೆಯೋ ಅದಕ್ಕೆ ತಕ್ಕಂತೆ ಹಾಕಿ. ಕಂಟ್ರೋಲರಿನ ಒಳಗಿನ ರಿಲೇ ಸಣ್ಣದು. ಕಾಯಿಲ್, ಕಂಪ್ರೆಸರ್ ಯಾವುದನ್ನೂ ನೇರ ಅದಕ್ಕೆ ಕೊಡದೆ ಕಾಂಟ್ಯಾಕ್ಟರ್ ಮೂಲಕವೇ ಕೊಡಿ. ರಿಲೇ ಅಂಟಿಕೊಂಡರೆ ನೀರು ಕುದಿಯುತ್ತಲೇ ಇರುತ್ತದೆ, ಆದ್ದರಿಂದ ಪ್ರತ್ಯೇಕ ಸುರಕ್ಷತಾ ಥರ್ಮೋಸ್ಟಾಟ್ ಇರಲೇಬೇಕು.

ಬಿಎಂಸಿ ತೊಳೆಯುವಾಗ ಮೊದಲು ಬರೀ ನೀರಿನಿಂದ ಹಾಲಿನ ಅಂಶ ತೆಗೆಯಿರಿ. ನೇರ ಬಿಸಿ ನೀರು ಹಾಕಿದರೆ ಹಾಲಿನ ಪ್ರೋಟೀನ್ ಲೋಹಕ್ಕೆ ಅಂಟುತ್ತದೆ. ಇನ್ನೊಂದು ಮಾತು: ತೊಳೆಯುವ ಮೊದಲು ಕೂಲಿಂಗ್ ಸ್ವಿಚ್ ಆಫ್ ಮಾಡಿ. ಟ್ಯಾಂಕ್ ಬಿಸಿಯಾದದ್ದನ್ನು ಕಂಡ ಕಂಟ್ರೋಲರ್ ಖಾಲಿ ಟ್ಯಾಂಕಿಗೇ ಕಂಪ್ರೆಸರ್ ಶುರು ಮಾಡುತ್ತದೆ. ಮತ್ತೆ ಹಾಲು ಬಂದು ಕಲಕುವ ರೆಕ್ಕೆ ಮುಳುಗಿದ ಮೇಲೆ ಸ್ವಿಚ್ ಆನ್ ಮಾಡುವುದನ್ನು ಮರೆಯಬೇಡಿ.

ನಿಮ್ಮ ಕೊಟ್ಟಿಗೆಯಲ್ಲಿ

ಎಚ್.ಎಫ್. ಮಿಶ್ರತಳಿ ಹಸುಗಳಿಗೆ 25 ಡಿಗ್ರಿ ದಾಟಿದ ಮೇಲೆ ಸೆಕೆಯ ಬಾಧೆ ಶುರು. ಮೇವು ಬಿಡುತ್ತವೆ, ಹಾಲು ಇಳಿಯುತ್ತದೆ, ಬೆದೆ ಸರಿಯಾಗಿ ಕಾಣುವುದಿಲ್ಲ. ಫ್ಯಾನಿಗೆ ಕೂಲಿಂಗ್, ಸೆಟ್ 25, ಡಿಫರೆನ್ಷಿಯಲ್ 2 ಇಟ್ಟರೆ 27ಕ್ಕೆ ಶುರುವಾಗಿ 25ಕ್ಕೆ ನಿಲ್ಲುತ್ತದೆ. ಫಾಗರ್ ಇದ್ದರೆ ಅದಕ್ಕೆ ಬೇರೆ ಕಂಟ್ರೋಲರ್ ಇರಲಿ: ಸೆಟ್ 28, ಡಿಫರೆನ್ಷಿಯಲ್ 2. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ, ಅಂದರೆ ಕರಾವಳಿಯಲ್ಲಿ ಮತ್ತು ಮಳೆಗಾಲದಲ್ಲಿ, ಫಾಗರಿನಿಂದ ಸೆಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆಗ ಫ್ಯಾನ್ ಮಾತ್ರ ಸಾಕು. ಸೆನ್ಸರನ್ನು ಹಸುವಿನ ಬೆನ್ನಿನ ಎತ್ತರದಲ್ಲಿ, ಬಿಸಿಲು ಮತ್ತು ನೀರು ಬೀಳದ, ಹಸುವಿನ ಬಾಯಿಗೆ ಸಿಗದ ಜಾಗದಲ್ಲಿ ಕಟ್ಟಿ. ಒದ್ದೆ ನೆಲದ ಕೊಟ್ಟಿಗೆಗೆ ಅರ್ಥಿಂಗ್ ಮತ್ತು ಇಎಲ್‌ಸಿಬಿ ಇಲ್ಲದೆ ಯಾವ ಕರೆಂಟ್ ಸಾಮಾನನ್ನೂ ಹಾಕಬೇಡಿ. ಕರೆಂಟ್ ತಗುಲಿದ ಹಸುವಿಗೆ ನಾವು ಬಂದು ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಉತ್ಪಾದಕರು ಮಾಡಬೇಕಾದ್ದು

ಕಂಟ್ರೋಲರ್ ಎಷ್ಟೇ ಸರಿ ಇದ್ದರೂ ಕೊಳೆ ಹಾಲನ್ನು ಅದು ಒಳ್ಳೆಯದು ಮಾಡಲಾರದು. ಕೆಚ್ಚಲು ತೊಳೆದು ಒರೆಸಿ ಕರೆಯಿರಿ, ಕರೆದ ಹಾಲನ್ನು ತಡಮಾಡದೆ ಡೇರಿಗೆ ತನ್ನಿ. ಹಾಲು ಹಾಕಲು ಹೋದಾಗ ಪರದೆಯ ಅಂಕಿ ನೋಡಿ, 4ಕ್ಕಿಂತ ಹೆಚ್ಚಿದ್ದರೆ ಕಾರ್ಯದರ್ಶಿಯವರನ್ನು ಕೇಳಿ. ಥರ್ಮಾಮೀಟರ್ ಪರೀಕ್ಷೆ ಕಳೆದ ಸಲ ಯಾವಾಗ ಆಯಿತು ಎಂದೂ ಕೇಳಿ. ಇದು ಜಗಳವಲ್ಲ, ಸದಸ್ಯರ ಹಕ್ಕು.

ಆ ಸಂಘದಲ್ಲಿ ಮೈನಸ್ 2 ತೆಗೆದು, ಸೆಟ್ 3, ಡಿಫರೆನ್ಷಿಯಲ್ 1 ಮಾಡಿದೆವು. ಟ್ಯಾಂಕನ್ನು ಚೆನ್ನಾಗಿ ತೊಳೆಸಿದೆವು. ಎಂಬಿಆರ್‌ಟಿ ಮತ್ತೆ ಮೇಲೆ ಬಂತು. ಕಾರ್ಯದರ್ಶಿಯವರು ತಾವೇ ಆ ಮನೆಗೆ ಹೋಗಿ, "ಅಕ್ಕ, ನಾಳೆಯಿಂದ ಹಾಲು ತನ್ನಿ, ತಪ್ಪು ನಮ್ಮದು" ಎಂದರು. ಆಕೆ ಮರುದಿನ ಎಂದಿನಂತೆ ಹಾಲು ತಂದರು. ಆದರೆ ಆ ನಾಲ್ಕು ದಿನದ ಬಟವಾಡೆ ಅವರಿಗೆ ಸಿಗಲಿಲ್ಲ, ಆ ಹಾಲು ಡೇರಿಯ ಪುಸ್ತಕದಲ್ಲಿ ಇರಲೇ ಇಲ್ಲವಲ್ಲ.

ಹಾಲು ಕೆಟ್ಟಾಗ ಹಸುವನ್ನು, ಹಸು ಸಾಕಿದವರನ್ನು ಬೈಯುವ ಮೊದಲು ಒಂದು ಲೋಟ ಹಾಲಿಗೆ ಥರ್ಮಾಮೀಟರ್ ಇಟ್ಟು ನೋಡಿ. ಅನುಮಾನ ಇದ್ದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗಾಗಲಿ ಪಶುವೈದ್ಯಾಧಿಕಾರಿಗಾಗಲಿ ತಿಳಿಸಿ.