ಸಂಚಾರಿ ನಾಯಕ

ಅಪರಿಚಿತ ಊರಿಗೆ ಬಂದು, ಅಲ್ಲಿಯವರ ಸಂಕಟವನ್ನು ಪರಿಹರಿಸಿ ಹೊರಟುಹೋಗುವ ನಾಯಕನು ಚಲನಚಿತ್ರಗಳಿಗೆ ಬಹು ಪ್ರಿಯನು. ಜಂಗಮರ ಸಂಚಾರವನ್ನು ಕಂಡ ನಾಡಿಗೆ ಈ ಕಲ್ಪನೆ ಹೊಸದಲ್ಲ. ೧೯೫೩ರ ಅಮೆರಿಕದ ‘ಶೇನ್’, ೧೯೬೧ರಲ್ಲಿ ಕುರೊಸಾವ ನಿರ್ದೇಶಿಸಿದ ‘ಯೊಜಿಂಬೊ’ ಇದಕ್ಕೆ ನಿದರ್ಶನಗಳು. ೧೯೮೦ರ ‘ಆಟೋರಾಜ’ದಲ್ಲಿ ಶಂಕರ್ ನಾಗ್ ಅವರಿಗೆ ದೊರೆತದ್ದು ಕುದುರೆಯಲ್ಲ, ಖಡ್ಗವಲ್ಲ; ಮೂರು ಚಕ್ರದ ಬಾಡಿಗೆ ವಾಹನ. ಈ ವ್ಯತ್ಯಾಸ ಅಲ್ಪವಾದುದಲ್ಲ. ಶೇನ್ ಊರು ಬಿಟ್ಟು ಹೋಗಬಲ್ಲನು. ಆಟೋ ಚಾಲಕನಾದರೋ ಮರುದಿನವೂ ಅದೇ ನಿಲ್ದಾಣಕ್ಕೆ ಬರಬೇಕು, ತಾನು ಎದುರಿಸಿದವರನ್ನೇ ಮತ್ತೆ ಕಾಣಬೇಕು. ಇವನ ಧೈರ್ಯವೇ ಹೆಚ್ಚು ಕಠಿಣವೆಂದು ನನ್ನ ಎಣಿಕೆ. ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿ ನಡೆದ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಬೆಂಗಳೂರಿನ ಅನೇಕ ಚಾಲಕರು ಇಂದಿಗೂ ಅವರ ಭಾವಚಿತ್ರವನ್ನು ತಮ್ಮ ವಾಹನಕ್ಕೆ ಅಂಟಿಸಿಕೊಂಡಿರುತ್ತಾರೆ. ಅಪರಾತ್ರಿಯಲ್ಲಿ ಮಾರತ್ತಹಳ್ಳಿ ಸೇತುವೆಯ ಬಳಿ ಬಸ್ಸಿಳಿದು, ದಾರಿ ತಿಳಿಯದೆ ನಿಂತ ಹೊಸಬನು ಕೈಯೆತ್ತುವುದು ಅಂಥದೊಂದು ವಾಹನಕ್ಕೆ.