ಬಸ್ಸಿನ ಬಾಗಿಲು, ಶ್ರೀನಿವಾಸನ ಮನೆ

ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಹಳಬರ ಮಾತಿಗೆ ಕಿವಿಗೊಟ್ಟರೆ ‘ಬಸ್ಸಿನ ಬಾಗಿಲು’, ‘ಆಫೀಸಿನ ಕೆಲಸ’, ‘ಕ್ಲಾಸಿನ ಹುಡುಗರು’ ಎಂದೇ ಕೇಳಿಸುತ್ತದೆ. ಅದೇ ಊರಿನಲ್ಲಿ ಅಚ್ಚಾಗುವ ಪತ್ರಿಕೆಗಳಲ್ಲಿ ಇವೇ ‘ಬಸ್‌ನ’, ‘ಆಫೀಸ್‌ನ’, ‘ಕ್ಲಾಸ್‌ನ’ ಆಗಿಬಿಡುತ್ತವೆ. ಕರಡು ತಿದ್ದುವ ಕೆಲಸದಲ್ಲಿ ಈ ಎರಡು ದಾರಿಗಳನ್ನೂ ನೋಡುತ್ತ ಬಂದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಇದು: ಸಕಾರದಲ್ಲಿ ನಿಲ್ಲುವ ಪದಗಳ ಷಷ್ಠಿಯ ವಿಷಯದಲ್ಲಿ ವ್ಯಾಕರಣ ಇರುವುದು ಆ ಹಳಬರ ಆಡುಮಾತಿನ ಕಡೆಗೆ.

ಇದಕ್ಕೆ ಆಧಾರ ತುಂಬ ಹಳೆಯದು. ಹಳಗನ್ನಡದ ಕಲ್, ಕಾಲ್, ಕಣ್ ವ್ಯಂಜನಾಂತ ಪದಗಳು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲಕ್ಕೂ ಅವು ಬಾಳುತ್ತಿದ್ದವು. ಆಮೇಲೆ ಅವುಗಳ ಕೊನೆಗೆ ಉಕಾರ ಬಂತು. ಹಿಂದಿನ ಸ್ವರ ಹ್ರಸ್ವವಾದಲ್ಲಿ ವ್ಯಂಜನ ಇಮ್ಮಡಿಸಿ ಕಲ್ಲು, ದೀರ್ಘವಾದಲ್ಲಿ ಇದ್ದ ಹಾಗೆಯೇ ಕಾಲು. ಸಂಸ್ಕೃತದಿಂದ ಬಂದ ಮನಸ್, ತಪಸ್, ತೇಜಸ್ ಕೂಡ ಮನಸ್ಸು, ತಪಸ್ಸು, ತೇಜಸ್ಸು ಆಗಿ, ಷಷ್ಠಿಯಲ್ಲಿ ಮನಸ್ಸಿನ, ತಪಸ್ಸಿನ ಎಂದಾದವು. ‘ಮನಸ್‌ನ’ ಎಂದು ಯಾರೂ ಬರೆಯುವುದಿಲ್ಲ. ಇಂಗ್ಲಿಷಿನಿಂದ ಬಂದವಕ್ಕೂ ಬಾಯಿ ಇದೇ ಕ್ರಮವನ್ನು ಹಚ್ಚಿತು: ಬಸ್ಸು, ಪ್ರೆಸ್ಸು ಒಂದು ಕಡೆ, ಕ್ಲಾಸು, ಆಫೀಸು ಇನ್ನೊಂದು ಕಡೆ, ಕಲ್ಲಿಗೂ ಕಾಲಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಶಾಲೆಯ ಮುಖ ಕಾಣದವರೂ ಈ ಭೇದವನ್ನು ತಪ್ಪಿಲ್ಲದೆ ಪಾಲಿಸುತ್ತಾರೆ ಎಂಬುದು ನನಗೆ ಇವತ್ತಿಗೂ ಅಚ್ಚರಿ. ಚಾಮರಾಜಪೇಟೆಯಲ್ಲಿರುವ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರೂ ತಕಾರದ ಮಟ್ಟಿಗೆ ಇದೇ ಸಾಕ್ಷ್ಯ ಹೇಳುತ್ತದೆ: ಪರಿಷತ್ ಅಲ್ಲಿ ಪರಿಷತ್ತು, ಅದರ ಷಷ್ಠಿ ಪರಿಷತ್ತಿನ. ಇಂಗ್ಲಿಷರೂ ಜೇಮ್ಸ್ ಎಂಬ ಹೆಸರಿಗೆ ಷಷ್ಠಿ ಹಚ್ಚುವಾಗ ‘ಜೇಮ್ಸಿಜ್’ ಎಂದು ನಡುವೆ ಒಂದು ಸ್ವರ ಸೇರಿಸಿಯೇ ನುಡಿಯುತ್ತಾರೆ; ಅವರ ವಾದ ಹೆಚ್ಚಾಗಿ ಬರವಣಿಗೆಯಲ್ಲಿ ಷಷ್ಠಿಯ ಚಿಹ್ನೆಯ ಮುಂದೆ ಇನ್ನೊಂದು s ಬೇಕೇ ಎಂಬುದರ ಬಗ್ಗೆ.

‘ಬಸ್‌ನ’ ಎಂದರೆ ಮೂಲ ಪದ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ, ಇಂದಿನ ಹುಡುಗರು ಆಡುವುದೂ ಹಾಗೆಯೇ ಎಂದು ಪತ್ರಿಕೆಯವರು ವಾದಿಸಬಹುದು. ಹುಡುಗರ ಮಾತು ನಿಜ, ಅದನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ. ಆದರೆ ಕಣ್ಣಿನ ವಾದ ನಿಲ್ಲುವುದಿಲ್ಲ. ಕನ್ನಡ ಲಿಪಿಯಲ್ಲಿ ಸಕಾರದ ಪಕ್ಕ ನಕಾರ ಬಂದರೆ ಅದು ಒತ್ತಕ್ಷರವಾಗುವುದೇ ಸಹಜ. ಹಾಗಾಗದಂತೆ ತಡೆಯಲು ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸಬೇಕು. ಅದು ಬಿಟ್ಟುಹೋದರೆ ‘ಬಸ್ನ’ ಆಗಿ, ಮೂಲ ಪದವೇ ಮಸುಕಾಗುತ್ತದೆ. ‘ಬಸ್ಸಿನ’ ಎಂದು ಬರೆದವರಿಗೆ ಈ ತೊಡಕೇ ಇಲ್ಲ.

ಮನುಷ್ಯರ ಹೆಸರಿನಲ್ಲಿ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಶ್ರೀನಿವಾಸ್ ಎಂದು ಸಹಿ ಹಾಕುವವರನ್ನು ‘ಶ್ರೀನಿವಾಸನ’ ಎಂದರೆ ಹೆಸರೂ ಬದಲಾಯಿತು, ಗೌರವವೂ ಹೋಯಿತು. ಕ್ರಯಪತ್ರದಲ್ಲಿ ಅದು ಬರಿಯ ಶಿಷ್ಟಾಚಾರದ ಪ್ರಶ್ನೆಯೂ ಅಲ್ಲ. ಇದಕ್ಕೆ ‘ಶ್ರೀನಿವಾಸ್ ಅವರ’ ಎಂಬ ದಾರಿ ಇದ್ದೇ ಇದೆ. ಪುರಂದರದಾಸರ, ಕನಕದಾಸರ ಎನ್ನುವಾಗಲೂ ಬಹುವಚನವೇ ಗೌರವವನ್ನು ಹೊತ್ತಿದೆ. ಏಕವಚನ ಸಲ್ಲುವ ಕಡೆ, ಅಂದರೆ ಕಥೆಯ ಪಾತ್ರಕ್ಕೆ, ಗೆಳೆಯನಿಗೆ, ಸಾಕ್ರೆಟೀಸನಂಥ ಪುರಾತನನಿಗೆ, ನಾನು ಅಕಾರ ಸೇರಿಸಿಯೇ ಬರೆಯುತ್ತೇನೆ. ಹೆಂಗಸರ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕು. ‘ಆಗ್ನೆಸ್‌ನ’ ಎಂದರೆ ಹೆಣ್ಣು ಗಂಡಾಗಿಬಿಡುತ್ತಾಳೆ. ‘ಆಗ್ನೆಸಳ’ ಎನ್ನಬೇಕು, ಹಿರಿಯರಾದರೆ ‘ಆಗ್ನೆಸ್ ಅವರ’.

ಮೊದಲಕ್ಷರಗಳ ಹೆಸರುಗಳಿಗೆ ಮಾತ್ರ ಈ ನಿಯಮ ಸುಲಭವಾಗಿ ಒಗ್ಗುವುದಿಲ್ಲ. ಬಸವನಗುಡಿಯ ಬಿಎಂಎಸ್, ಮಲ್ಲೇಶ್ವರದ ಎಂಇಎಸ್ ಎರಡೂ ಸಕಾರದಲ್ಲೇ ನಿಲ್ಲುತ್ತವೆ. ‘ಬಿಎಂಎಸ್ಸಿನ’ ಎಂದು ಬರೆದರೆ ಕಣ್ಣು ತಡವರಿಸುತ್ತದೆ, ‘ಬಿಎಂಎಸ್‌ನ’ ಎಂದರೆ ಹಳೆಯ ತೊಡಕು ಮರಳುತ್ತದೆ. ಅಲ್ಲಿ ನಾನು ‘ಬಿಎಂಎಸ್ ಕಾಲೇಜಿನ’ ಎಂದು ಬರೆದು ಷಷ್ಠಿಯನ್ನು ಕಾಲೇಜಿಗೆ ದಾಟಿಸುತ್ತೇನೆ.